ಮೌನದ ಹಕ್ಕು ಮತ್ತು ಯಂತ್ರದ ಮಾತು: ಮುಂಬಯಿಯ ಅಪರಾಧ ತನಿಖೆಯಲ್ಲಿ ಗಣಕದ ತೀರ್ಮಾನಗಳು

ಸಂವಿಧಾನದ 20(3)ನೆಯ ವಿಧಿಯಂತೆ ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸುವಂತಿಲ್ಲ. ಈ ರಕ್ಷಣೆಯ ಎಲ್ಲೆಯನ್ನು ನಿಗದಿಪಡಿಸಿದ್ದು 1961ರ ‘ಬಾಂಬೆ ರಾಜ್ಯ ವಿರುದ್ಧ ಕಾಠಿ ಕಾಲು ಓಘಡ್’ ಪ್ರಕರಣ. ಬೆರಳಚ್ಚು, ಕೈಬರಹದ ಮಾದರಿಗಳು ಹೋಲಿಕೆಗೆ ಬೇಕಾದ ವಸ್ತುಗಳೇ ಹೊರತು ಆರೋಪಿ ತನಗೆ ತಿಳಿದದ್ದನ್ನು ಹೊರಗೆಡಹುವ ಸಾಕ್ಷ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಅದರಲ್ಲಿ ಹೇಳಿತು. ದೇಹವನ್ನು ಅಳೆಯಬಹುದು, ಮನಸ್ಸನ್ನು ಕೆದಕಬಾರದು ಎಂಬ ಈ ಗೆರೆ, ಎರಡರ ನಡುವೆ ನಿಲ್ಲುವ ಯಂತ್ರಗಳು ಬರುವವರೆಗೆ ಸ್ಪಷ್ಟವಾಗಿಯೇ ಇತ್ತು.

ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದ ಹಗರಣದಲ್ಲಿ ಆ ಗೆರೆ ಮಸುಕಾಯಿತು. ಬ್ರೈನ್ ಮ್ಯಾಪಿಂಗ್ ಹಾಗೂ ಸುಳ್ಳು ಪತ್ತೆ ಪರೀಕ್ಷೆಗಳಿಂದ ದೊರೆಯುವುದು ‘ಹೇಳಿಕೆ’ಯೇ ಅಲ್ಲವೆಂದು 2004ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿತ್ತು, ತನಿಖೆಯ ಹಂತದಲ್ಲಿ ಮಂಪರು ಪರೀಕ್ಷೆಗೂ ಅವಕಾಶ ಕೊಟ್ಟಿತು.

ಈ ತರ್ಕದ ಫಲ ಕಂಡದ್ದು 2008ರ ಜೂನ್‌ನಲ್ಲಿ, ಪುಣೆಯ ಸೆಷನ್ಸ್ ನ್ಯಾಯಾಲಯದ ಕೊಲೆ ಪ್ರಕರಣವೊಂದರಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ್ದ ಮನಶ್ಶಾಸ್ತ್ರಜ್ಞ ಸಿ.ಆರ್. ಮುಕುಂದನ್ ರೂಪಿಸಿದ ವಿಧಾನದಲ್ಲಿ ಆ ಪ್ರಕರಣದ ಆರೋಪಿಯ ಮಿದುಳು ಪರೀಕ್ಷೆ ಮುಂಬಯಿಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ನಡೆದಿತ್ತು. ಎಲೆಕ್ಟ್ರೋಡ್‌ಗಳ ಟೋಪಿ ತೊಟ್ಟ ಆರೋಪಿ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಾಳೆ. ಪೊಲೀಸರು ಊಹಿಸಿದ ಘಟನಾವಳಿಯನ್ನು ‘ನಾನು’ ಎಂದು ಶುರುವಾಗುವ ವಾಕ್ಯಗಳಾಗಿ ಅವಳಿಗೆ ಕೇಳಿಸಲಾಗುತ್ತದೆ. ಅವಳು ತುಟಿ ಬಿಚ್ಚದಿದ್ದರೂ, ಮಿದುಳಿನ ವಿದ್ಯುತ್ ಸಂಕೇತಗಳನ್ನು ವಿಶ್ಲೇಷಿಸುವ ಗಣಕ ಕಾರ್ಯಕ್ರಮವು ಆ ಅನುಭವ ಅವಳದ್ದೇ ಅಥವಾ ಅಲ್ಲವೇ ಎಂದು ಘೋಷಿಸುತ್ತದೆ. ಇಂದಿನ ಅರ್ಥದಲ್ಲಿ ಇದು ಕೃತಕ ಬುದ್ಧಿಮತ್ತೆಯಲ್ಲ, ಆದರೆ ಸಂಕೇತದಿಂದ ತೀರ್ಮಾನಕ್ಕೆ ಜಿಗಿಯುವ ಕೆಲಸವನ್ನು ಗಣಕಕ್ಕೆ ಒಪ್ಪಿಸಿದ ಕಾರಣ ಅದರ ಪೂರ್ವಜನೆನ್ನಬಹುದು. ನ್ಯಾಯಾಲಯವು ಶಿಕ್ಷೆ ವಿಧಿಸುವಾಗ ಈ ವರದಿಯನ್ನೂ ಆಧರಿಸಿತು. ಅದೇ ವರ್ಷ, ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಇಂಥ ಪರೀಕ್ಷೆಗಳಿಗೆ ವೈಜ್ಞಾನಿಕ ತಳಹದಿ ಸಾಲದೆಂದು ಕಂಡುಕೊಂಡ ಸಂಗತಿ ಬೆಳಕಿಗೆ ಬಂತು.

ಸಮ್ಮತಿಯಿಲ್ಲದೆ ಈ ಪರೀಕ್ಷೆಗಳನ್ನು ನಡೆಸುವಂತಿಲ್ಲವೆಂದು 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಆದೇಶಿಸಿತು. ತಂತ್ರದ ಮಿತಿಗಳನ್ನು ತೀರ್ಪು ವಿಸ್ತಾರವಾಗಿ ದಾಖಲಿಸಿದೆಯಾದರೂ ಅದು ನಿಂತಿರುವುದು ಬಲವಂತದ ಪ್ರಶ್ನೆಯ ಮೇಲೆ. ಯಂತ್ರ ಎಷ್ಟು ಬಾರಿ ತಪ್ಪುತ್ತದೆ ಎಂಬುದು ಸ್ವತಂತ್ರ ಮಾನದಂಡವಾಗಲಿಲ್ಲ. ಈ ಕೊರತೆ ಮುಂದೆ ದುಬಾರಿಯಾಯಿತೆನ್ನಬೇಕು.

ಏಕೆಂದರೆ ಕ್ಯಾಮೆರಾ ಯಾರನ್ನೂ ಬಲವಂತಪಡಿಸುವುದಿಲ್ಲ. 2008ರ ನವೆಂಬರ್ 26ರ ಭಯೋತ್ಪಾದಕ ದಾಳಿಯ ಬಳಿಕ ರೂಪುಗೊಂಡ ಯೋಜನೆಯಂತೆ 2016ರ ಹೊತ್ತಿಗೆ ಮುಂಬಯಿಯಲ್ಲಿ ಸುಮಾರು 4,700 ಸಿಸಿಟಿವಿ ಕ್ಯಾಮೆರಾಗಳು ಬಂದವು. ಇಂಥ ದೃಶ್ಯಗಳ ಮೇಲೆ ಮುಖಚಹರೆ ಹೋಲಿಸುವ ತಂತ್ರಾಂಶ ಓಡಿಸಿದರೆ, ಚೌಕಟ್ಟಿನೊಳಗೆ ನಡೆದುಹೋದವನು ಆರೋಪಿಯೂ ಅಲ್ಲ, ಅವನ ಸಮ್ಮತಿಯ ಮಾತೂ ಏಳುವುದಿಲ್ಲ; 20(3) ಅವನನ್ನು ಮುಟ್ಟುವುದೇ ಇಲ್ಲ. 2022ರ ಗುರುತಿಸುವಿಕೆ ಕಾಯ್ದೆಯು ಕಣ್ಣಿನ ಪಾಪೆಯ ಸ್ಕ್ಯಾನ್ ಹಾಗೂ ಕೈಬರಹದಂಥ ವರ್ತನಾ ಲಕ್ಷಣಗಳನ್ನೂ ಸೇರಿಸಿಕೊಂಡು, ದಾಖಲೆಗಳನ್ನು 75 ವರ್ಷ ಇಡಲು ಅನುಮತಿಸಿದೆ. 2024ರಲ್ಲಿ ಮಹಾರಾಷ್ಟ್ರ ಪೊಲೀಸರಿಗಾಗಿ ‘ಮಾರ್ವೆಲ್’ ಸಂಸ್ಥೆ ಸ್ಥಾಪನೆಯಾಯಿತು; ತನಿಖೆಗೆ ನೆರವಾಗುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನು ರಾಜ್ಯದ 1,100 ಠಾಣೆಗಳಿಗೆ ವಿಸ್ತರಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ಘೋಷಿಸಲಾಯಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ನಮೂನೆಯಲ್ಲಿ ಉಪಕರಣದ ತಯಾರಕ, ಮಾದರಿ, ಕ್ರಮಸಂಖ್ಯೆ, ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆ ಇವಕ್ಕೆಲ್ಲ ಜಾಗವಿದೆ. ತಂತ್ರಾಂಶದ ಹೋಲಿಕೆಗಳಲ್ಲಿ ಶೇಕಡಾ ಎಷ್ಟು ತಪ್ಪುತ್ತವೆಂದು ಬರೆಯಲು ಅಂಕಣವಿಲ್ಲ.