ಕಟ್ಟು ಮೀರಿದ ಸಾಧನೆ: ಚಿಕ್ಕೋಡಿ–ಅಥಣಿ ಸೀಮೆಯ ಚರಿತ್ರೆ

ಧರ್ಮದ ಹೆಸರಿನಲ್ಲಿ ಬಂದ ನಿಷೇಧವೊಂದನ್ನು ತಿಳಿದೂ ತಿಳಿದು ಮೀರುವುದು, ಹಾಗೆ ಮೀರುವುದನ್ನೇ ಆತ್ಮಸಾಧನೆಯ ಭಾಗವಾಗಿ ಮಾಡಿಕೊಳ್ಳುವುದು ಈ ಲೇಖನದ ವಿಷಯ. ಮಡಿ-ಮೈಲಿಗೆ, ಸೂತಕ, ಉಡುಗೆ, ಸ್ಪರ್ಶ, ಪಂಕ್ತಿಭೋಜನ, ಹೆಣ್ಣಿನ ದೇಹ, ದೇವರಿಗೆ ಹೊತ್ತ ಹರಕೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇಂಥ ನಡೆಯ ಕುರುಹುಗಳು 12ನೆಯ ಶತಮಾನದಿಂದ ಇಂದಿನವರೆಗೆ ಸಿಗುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ನೆಲದಲ್ಲಿ ಜೈನರು, ಲಿಂಗಾಯತರು, ಮರಾಠರು, ದಲಿತರು, ಮುಸಲ್ಮಾನರು ಒಂದೇ ಊರಿನಲ್ಲಿ ಬಾಳಿದ್ದಾರೆ. ಕನ್ನಡ, ಮರಾಠಿ ಎರಡೂ ಮನೆಮಾತು. ಒಬ್ಬರ ಕಟ್ಟಳೆ ಪಕ್ಕದ ಮನೆಯವರ ಕಟ್ಟಳೆಯಲ್ಲ ಎಂಬುದು ಇಲ್ಲಿ ದಿನವೂ ಕಣ್ಣಿಗೆ ಬೀಳುವ ಸಂಗತಿ.

ನಿಷೇಧ ಮುರಿಯುವ ಸಾಧನೆ ಎಂದೊಡನೆ ಮದ್ಯ-ಮಾಂಸಗಳ ವಾಮಾಚಾರವನ್ನು ನೆನೆಯುವವರೇ ಹೆಚ್ಚು. ಈ ಸೀಮೆಯ ಚರಿತ್ರೆ ಹೇಳುವುದು ಬೇರೆ. ಇಲ್ಲಿ ಒಂದು ಕಟ್ಟನ್ನು ಮುರಿದವರಲ್ಲಿ ಬಹುಪಾಲು ಜನ ಅದಕ್ಕಿಂತ ಬಿಗಿಯಾದ ಇನ್ನೊಂದನ್ನು ತಾವಾಗಿಯೇ ಕಟ್ಟಿಕೊಂಡರು. ಭಾರತದ ಹಳೆಯ ಶೈವ ಪಂಥಗಳಲ್ಲೂ ಇದರ ಮಾದರಿಯುಂಟು. ಲಕುಲೀಶನ ಪರಂಪರೆಯ ಪಾಶುಪತ ಸಾಧಕ ಸಾಧನೆಯ ಒಂದು ಹಂತದಲ್ಲಿ ತನ್ನ ಗುರುತು ಮರೆಸಿಕೊಂಡು, ಜನರ ನಡುವೆ ಹುಚ್ಚನಂತೆ, ಕುಂಟನಂತೆ ನಡೆದುಕೊಂಡು ಬೈಗುಳ ಬರಮಾಡಿಕೊಳ್ಳಬೇಕಿತ್ತು. ಬೈದವರ ಪುಣ್ಯ ತನಗೆ, ತನ್ನ ಪಾಪ ಬೈದವರಿಗೆ ಎಂಬ ನಂಬಿಕೆ ಅದರ ಹಿಂದಿತ್ತು. ಹೊರಗಿನಿಂದ ಸ್ವೇಚ್ಛೆಯಂತೆ ಕಂಡದ್ದು ಒಳಗೆ ಕಠಿಣ ವ್ರತವಾಗಿತ್ತು.

ಯಾಪನೀಯರು

ಈ ಸೀಮೆಯ ಮಟ್ಟಿಗೆ ಮೊದಲ ದೊಡ್ಡ ಅಧ್ಯಾಯ ಯಾಪನೀಯ ಜೈನಸಂಘದ್ದು. ದಿಗಂಬರ, ಶ್ವೇತಾಂಬರ ಎರಡೂ ಪಂಥಗಳ ನಡುವೆ ನಿಂತು ಎರಡರ ನಿಷೇಧಗಳನ್ನೂ ಪ್ರಶ್ನಿಸಿದ ಸಂಘವದು. ಇದರ ಮುನಿಗಳು ದಿಗಂಬರರಂತೆ ಬಟ್ಟೆ ತೊರೆದವರು. ಆದರೆ ಬಟ್ಟೆ ತೊರೆಯಲಾಗದ ಹೆಣ್ಣಿಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲ ಎಂಬ ದಿಗಂಬರ ಮತವನ್ನು ಒಪ್ಪಲಿಲ್ಲ. ಹೆಣ್ಣಿಗೂ ಮೋಕ್ಷವುಂಟು, ಗೃಹಸ್ಥನಿಗೂ ಉಂಟು, ಅನ್ಯಮತದಲ್ಲಿರುವವನಿಗೂ ಉಂಟು ಎಂದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ ಪಾಲ್ಯಕೀರ್ತಿ ಈ ಸಂಘದವನು. ಹೆಣ್ಣಿನ ಮೋಕ್ಷವನ್ನು ಸಮರ್ಥಿಸಿ ‘ಸ್ತ್ರೀಮುಕ್ತಿ ಪ್ರಕರಣ’ ಎಂಬ ಗ್ರಂಥವನ್ನೇ ಬರೆದ. 9ನೆಯ ಶತಮಾನದಲ್ಲಿ ಒಬ್ಬ ಮುನಿ ಕೂತು, ಹೆಣ್ಣಿನ ದೇಹ ಅಡ್ಡಿಯಲ್ಲ ಎಂದು ತರ್ಕದ ಮೇಲೆ ತರ್ಕ ಹೂಡಿ ಸಾಧಿಸಿದ್ದು ಕನ್ನಡನಾಡಿನ ವಿಚಾರಚರಿತ್ರೆಯಲ್ಲಿ ಸಣ್ಣ ಮಾತಲ್ಲ. ಶಾಲೆಯ ಪಾಠಗಳಲ್ಲಿ ಅದರ ಸುಳಿವೂ ಇಲ್ಲದಿರುವುದು ನಮ್ಮ ನಷ್ಟ.

ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಲಣ ನೇಮಿನಾಥ ಬಸದಿ ಕಟ್ಟಿಸಿದ. ಅದನ್ನು ಯಾಪನೀಯ ಸಂಘದ ಪುನ್ನಾಗವೃಕ್ಷಮೂಲ ಗಣದ ವಿಜಯಕೀರ್ತಿ ಮುನಿಗೆ ಒಪ್ಪಿಸಿದ್ದನ್ನು 1165ರ ಶಾಸನ ತಿಳಿಸುತ್ತದೆ. ಈ ಸಂಘದ ಕೊನೆಯ ಕುರುಹುಗಳಲ್ಲೊಂದು ಕಾಗವಾಡದಲ್ಲಿದೆ: ಅಲ್ಲಿನ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ಶಾಸನದಲ್ಲಿ ಯಾಪನೀಯ ಮುನಿ ಧರ್ಮಕೀರ್ತಿಯ ಹೆಸರಿದೆ. ಆಮೇಲೆ ಈ ಸಂಘ ದಿಗಂಬರ ಸಮಾಜದಲ್ಲಿ ಕರಗಿಹೋಯಿತು. ಬಸದಿಗಳು, ಮೂರ್ತಿಗಳು ಉಳಿದವು. ಹೆಣ್ಣಿನ ಮೋಕ್ಷದ ಮಾತು ಉಳಿಯಲಿಲ್ಲ. ಯಾಪನೀಯರನ್ನು ಮತ್ತೆ ವಿದ್ವಲ್ಲೋಕದ ಬೆಳಕಿಗೆ ತಂದವರಲ್ಲಿ ಮುಖ್ಯರಾದ ಡಾ. ಆ.ನೇ. ಉಪಾಧ್ಯೆ (1906–1975) ಯಕ್ಸಂಬಾದ ನೆರೆಯ ಸದಲಗಾದವರು, ಜೈನ ಪುರೋಹಿತ ಮನೆತನದಲ್ಲಿ ಹುಟ್ಟಿದವರು.

ಶರಣರು ಮತ್ತು ಸೂತಕ

ಕಲ್ಯಾಣದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗ ಧರಿಸಿದವರಿಗೆ ಇಲ್ಲವೆಂದರು. ಮುಟ್ಟಾದ ಹೆಣ್ಣು ಆ ದಿನವೂ ಇಷ್ಟಲಿಂಗ ಪೂಜಿಸಬಹುದು ಎಂಬುದು ಇದರ ನೇರ ಅರ್ಥ. ಕಟ್ಟು ಮುರಿದರೂ ಕೈ ಬರಿದಾಗಲಿಲ್ಲ: ಅದರ ಜಾಗಕ್ಕೆ ಲಿಂಗನಿಷ್ಠೆ, ಕಾಯಕ, ದಾಸೋಹ ಬಂದವು. ಅಥಣಿಯಲ್ಲಿ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಜನಮನದಲ್ಲಿ ಉಳಿದದ್ದು ಆ ನಿಷ್ಠೆಯಿಂದ. ನಿತ್ಯದ ಲಿಂಗಪೂಜೆಯೇ ಅವರ ಬದುಕಿನ ನಡುಗಂಬವಾಗಿತ್ತು. ಅದೇ ಅಥಣಿ ಭಾಗದ ಎಷ್ಟೋ ಮನೆಗಳಲ್ಲಿ ಮುಟ್ಟಿನ ಮೈಲಿಗೆ ಮತ್ತೆ ಒಳಗೆ ಬಂದು ಕೂತದ್ದೂ ನಿಜ. ನಿಷೇಧ ಮುರಿದ ಪಂಥದವರ ಮನೆಯಲ್ಲೇ ಅದು ಮರಳಿ ಬೇರೂರುವುದು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ನೆರೆಯ ವಿಜಯಪುರ ಜಿಲ್ಲೆಯ ಇಂಚಗೇರಿ ಸಂಪ್ರದಾಯಕ್ಕೆ ಅಥಣಿಯ ಕಡೆ ಭಕ್ತರಿದ್ದಾರೆ. ಲಿಂಗಾಯತರಾದ ನಿಂಬರ್ಗಿ ಮಹಾರಾಜರಿಂದ ಬ್ರಾಹ್ಮಣರಾದ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ನಾಮೋಪದೇಶ ಪಡೆದದ್ದು ಆ ಕಾಲದ ಜಾತಿಕಟ್ಟನ್ನು ದಾಟಿದ ನಡೆ. ಅದೇ ಸಂಪ್ರದಾಯದ ಮಾಧವಾನಂದ ಪ್ರಭುಗಳು ಮುಂದೆ ಅಂತರ್ಜಾತಿ ಮದುವೆಗಳನ್ನು ಮಾಡಿಸಿದರು. ಆದರೆ ಅಲ್ಲಿಯೂ ಸಾಧಕನಿಗೆ ನಾಮಸ್ಮರಣೆಯ ಹೊತ್ತು ತಪ್ಪುವಂತಿಲ್ಲ.

ಬಟ್ಟೆಯ ಪ್ರಶ್ನೆ: ಶಾಂತಿಸಾಗರರು

20ನೆಯ ಶತಮಾನದ ಆರಂಭಕ್ಕೆ ಈ ಸೀಮೆಯ ದಿಗಂಬರ ಸಮಾಜದಲ್ಲಿ ಮುನಿಧರ್ಮ ತೀರ ಕ್ಷೀಣಿಸಿತ್ತು. ಅಧಿಕಾರವೆಲ್ಲ ಬಟ್ಟೆಯುಟ್ಟ ಮಠಾಧೀಶರಾದ ಭಟ್ಟಾರಕರ ಮತ್ತು ಬಸದಿಯ ಪುರೋಹಿತರಾದ ಉಪಾಧ್ಯೆಗಳ ಕೈಯಲ್ಲಿತ್ತು. ಇದ್ದ ಕೆಲವೇ ನಿರ್ಗ್ರಂಥ ಮುನಿಗಳು ಊರೊಳಗೆ ಬರುವಾಗ ಮೈಮೇಲೆ ವಸ್ತ್ರ ಹೊದ್ದು ಬರುತ್ತಿದ್ದರು. ಆಹಾರವೂ ಮೊದಲೇ ಗೊತ್ತುಮಾಡಿದ ಮನೆಯಲ್ಲಿ. ಬ್ರಿಟಿಷ್ ಆಡಳಿತಕ್ಕೆ ಬೆತ್ತಲೆ ಅಸಭ್ಯ, ಊರವರಿಗೆ ಮುಜುಗರ. ಶಾಸ್ತ್ರ ಹೇಳಿದ ಧರ್ಮವೇ ಬೀದಿಯಲ್ಲಿ ನಿಷಿದ್ಧವಾಗಿತ್ತು.

ಇದನ್ನು ಮುರಿದವರು ಇಂದಿನ ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದ ಸಾತಗೌಡ ಪಾಟೀಲ (1872–1955). ವೇದಗಂಗಾ ದೂಧಗಂಗೆಯನ್ನು ಕೂಡುವ ಆ ಊರಿನ ಗೌಡರ ಮನೆಯವರು. ಬಾಲ್ಯದಲ್ಲೇ ಮದುವೆಯಾಗಿತ್ತು; ಹುಡುಗಿ ಕೆಲವೇ ತಿಂಗಳಲ್ಲಿ ತೀರಿಕೊಂಡಳು, ಅವರು ಮತ್ತೆ ಮದುವೆಯಾಗಲಿಲ್ಲ. ತಂದೆತಾಯಿ ಇರುವವರೆಗೆ ಮನೆಯಲ್ಲಿದ್ದು, ನಲವತ್ತು ದಾಟಿದ ಮೇಲೆ, ಮುನಿಯಾಗುವ ಮುಂಚಿನ ಹಂತವಾದ ಕ್ಷುಲ್ಲಕ ದೀಕ್ಷೆ ಪಡೆದರು. 1920ರಲ್ಲಿ ಯರನಾಳದ ಪಂಚಕಲ್ಯಾಣ ಮಹೋತ್ಸವದಲ್ಲಿ ಮುನಿದೀಕ್ಷೆಯಾಗಿ ಶಾಂತಿಸಾಗರರಾದರು. ಊರೊಳಗೂ ವಸ್ತ್ರ ಹೊದೆಯಲಿಲ್ಲ. ಮೊದಲೇ ಗೊತ್ತುಮಾಡಿದ ಮನೆಯ ಆಹಾರ ಒಲ್ಲೆ ಎಂದರು. ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿಕೊಂಡು ಹೊರಟು, ಅದು ಕೂಡಿಬಂದ ಮನೆಯಲ್ಲಿ ಮಾತ್ರ ನಿಂತು ಅಂಗೈಯಲ್ಲಿ ಉಣ್ಣುವುದು, ಕೂಡಿಬರದಿದ್ದರೆ ಅಂದು ಉಪವಾಸ ಎಂಬ ಹಳೆಯ ಕ್ರಮಕ್ಕೆ ಮರಳಿದರು. ಇದೇ ರೂಪದಲ್ಲಿ ಸಂಘ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೊರಟು 1928ರಲ್ಲಿ ಸಮ್ಮೇದ ಶಿಖರ ಮುಟ್ಟಿದರು, ಮುಂದೆ ದಿಲ್ಲಿಯ ಬೀದಿಗಳಲ್ಲೂ ನಡೆದರು. ಇಂದು ದಿಗಂಬರ ಮುನಿಗಳು ದೇಶದ ಯಾವ ಹೆದ್ದಾರಿಯಲ್ಲಾದರೂ ನಿರಾತಂಕವಾಗಿ ವಿಹಾರ ಮಾಡುತ್ತಾರೆಂದರೆ ಅದರ ಹಿಂದೆ ಆ ನಡಿಗೆಯಿದೆ. ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು (1946–2024), ಶೇಡಬಾಳದವರಾದ ಆಚಾರ್ಯ ವಿದ್ಯಾನಂದರು (1925–2019) ಆ ದಾರಿಯಲ್ಲಿ ಬಂದವರು.

ಮನೆಯೊಳಗಿನ ಭಯವನ್ನೂ ಶಾಂತಿಸಾಗರರು ಎದುರಿಸದೆ ಬಿಡಲಿಲ್ಲ. ಜೈನ ಮನೆಗಳಲ್ಲಿ ಊರದೇವತೆಗಳ ಪೂಜೆ, ಹರಕೆ ನಡೆಯುತ್ತಿದ್ದವು. ಬಿಟ್ಟರೆ ಕೇಡು ಎಂಬ ಅಂಜಿಕೆ. ಅವನ್ನು ಬಿಟ್ಟ ಮನೆಯಲ್ಲಿ ಮಾತ್ರ ಆಹಾರ ಎಂದಾಗ, ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಪೂಜಿಸಿದ ಮೂರ್ತಿಗಳನ್ನು ಹೊಳೆಗೆ ಬಿಟ್ಟವು.

ಆದರೆ ಶಾಂತಿಸಾಗರರ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ಸತ್ಯಕ್ಕೆ ಅಪಚಾರ. 1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಜೈನ ಬಸದಿಗಳಿಗೂ ಅನ್ವಯಿಸಿದಾಗ ಅವರು ಅದನ್ನು ವಿರೋಧಿಸಿ ಸುಮಾರು ಮೂರು ವರ್ಷ ಧಾನ್ಯದ ಆಹಾರ ತ್ಯಜಿಸಿದರು. ಜೈನಧರ್ಮ ಹಿಂದೂ ಧರ್ಮದಿಂದ ಬೇರೆ, ಆದ್ದರಿಂದ ಕಾಯ್ದೆ ತಮಗೆ ಸಲ್ಲದು ಎಂಬುದು ಅವರ ವಾದ. ಅಕಲೂಜಿನ ಬಸದಿಯ ವಿಷಯದಲ್ಲಿ 1951ರಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪು ಜೈನರ ಪರ ಬಂದ ಮೇಲೆ ಮತ್ತೆ ಧಾನ್ಯ ಸ್ವೀಕರಿಸಿದರು. ಜೈನರ ಪ್ರತ್ಯೇಕತೆಯ ವಾದಕ್ಕೆ ಅದರದೇ ತೂಕವಿದೆ. ಆದರೂ ತನ್ನ ದೇಹದ ಮೇಲಿನ ನಿಷೇಧವನ್ನು ಅಷ್ಟು ಧೈರ್ಯದಿಂದ ಕಿತ್ತೊಗೆದ ಮುನಿಯ ತಪಸ್ಸು, ಇನ್ನೊಬ್ಬರ ಕಾಲಿಗೆ ಹಾಕಿದ ನಿಷೇಧದ ಪಕ್ಕ ನಿಂತದ್ದು ನೋವಿನ ಸಂಗತಿ. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು.

ಗೃಹಸ್ಥ ಜೈನರ ಸುಧಾರಣೆಯ ಹಾದಿ ಬೇರೆಯೇ ಇತ್ತು. 1899ರಲ್ಲಿ ನಿಪ್ಪಾಣಿ ಸಮೀಪದ ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಶಿಕ್ಷಣ, ವಿದ್ಯಾರ್ಥಿನಿಲಯ, ಬಾಲ್ಯವಿವಾಹ ವಿರೋಧ ಅದರ ಕೆಲಸ. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿ ಓದುತ್ತಿದ್ದ ಭಾವೂರಾವ ಪಾಟೀಲರು 1908ರಲ್ಲಿ ಅಸ್ಪೃಶ್ಯರ ವಸತಿನಿಲಯದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಯ ಸ್ನಾನ ಮಾಡಲೊಲ್ಲದೆ ಬೋರ್ಡಿಂಗಿನಿಂದ ಹೊರಬಿದ್ದರು. ಒಂದು ಸ್ನಾನ ನಿರಾಕರಿಸಿದ ಆ ಹುಡುಗ ಮುಂದೆ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಉಂಡು ಓದುವ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು.

ರಾಯಬಾಗ, ನಿಪ್ಪಾಣಿ

ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ ಶಾಹೂ ಮಹಾರಾಜರ ಆದೇಶಗಳು ಈ ಕನ್ನಡ ಹಳ್ಳಿಗಳಿಗೂ ಅನ್ವಯಿಸುತ್ತಿದ್ದವು. ರಾಜಪುರೋಹಿತ ತಮಗೆ ವೇದೋಕ್ತ ಮಂತ್ರ ಹೇಳಲೊಲ್ಲದಾಗ ಎದ್ದ ವಿವಾದ ಶಾಹೂ ಅವರ ಬದುಕನ್ನೇ ತಿರುಗಿಸಿತು. 1919ರಲ್ಲಿ ಸರಕಾರಿ ಶಾಲೆ, ಆಸ್ಪತ್ರೆ, ಬಾವಿಗಳಲ್ಲಿ ಅಸ್ಪೃಶ್ಯತೆ ಆಚರಿಸಕೂಡದೆಂದು ಆಜ್ಞೆ ಹೊರಡಿಸಿದರು. 1920ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಜೋಗತಿ-ಮುರಳಿಯಾಗಿ ಬಿಡುವ ಪದ್ಧತಿಗೂ ಕಾನೂನಿನ ತಡೆ ಹಾಕಿದರು.

ಅದೇ 1920ರ ಮಾರ್ಚಿನಲ್ಲಿ ಮಾಣಗಾವದ ಅಸ್ಪೃಶ್ಯರ ಪರಿಷತ್ತಿನಲ್ಲಿ ಶಾಹೂ ಮತ್ತು ಅಂಬೇಡ್ಕರ್ ಒಂದೇ ವೇದಿಕೆಯಲ್ಲಿ ನಿಂತರು. 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತು ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ನಿಪ್ಪಾಣಿಯಲ್ಲಿ ಸೇರಿತು. ಈ ಭಾಗದಲ್ಲಿ ಅವರ ನೆಚ್ಚಿನ ಒಡನಾಡಿ ನಿಪ್ಪಾಣಿಯ ಬಿ.ಎಚ್. ವರಾಳೆ. ಸತ್ತ ದನ ಹೊರುವುದನ್ನು, ಅದರ ಮಾಂಸ ಉಣ್ಣುವುದನ್ನು ಬಿಡುವುದು ದಲಿತ ಕೇರಿಗಳಲ್ಲಿ ಮೊದಲ ಹೆಜ್ಜೆಯಾಯಿತು. ಊರಿನ ಹಕ್ಕು-ಬಾಬತ್ತು ಕಳೆದುಕೊಂಡು ಉಪವಾಸ ಬಿದ್ದರೂ ಬಿಟ್ಟವರಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದ ಬೌದ್ಧ ದೀಕ್ಷೆಯ ಅಲೆ ಈ ಗಡಿ ತಾಲ್ಲೂಕುಗಳಿಗೂ ಬಂತು. ಹಳೆಯ ದೇವರುಗಳನ್ನು ಬಿಟ್ಟವರು ಇಪ್ಪತ್ತೆರಡು ಪ್ರತಿಜ್ಞೆಗಳನ್ನು, ಪಂಚಶೀಲವನ್ನು ಹೊತ್ತುಕೊಂಡರು.

ಮುತ್ತು ಮತ್ತು ಜಡೆ

ಈ ಸೀಮೆಯಲ್ಲಿ ನಿಷೇಧ ಮೀರಿದ ಅತ್ಯಂತ ಈಚಿನ, ನನ್ನ ಎಣಿಕೆಯಲ್ಲಿ ಅತ್ಯಂತ ಧೈರ್ಯದ ಅಧ್ಯಾಯ ದೇವದಾಸಿ ತಾಯಂದಿರದು. ಸವದತ್ತಿಯ ಯಲ್ಲಮ್ಮ, ಅಥಣಿ ತಾಲ್ಲೂಕಿನ ಕೊಕಟನೂರ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಿಡುತ್ತಿದ್ದರು. ಹೆಚ್ಚಿನವರು ದಲಿತ ಮನೆಗಳ ಮಕ್ಕಳು. ಮುತ್ತು ಕಟ್ಟಿಸಿಕೊಂಡವಳು ಮದುವೆಯಾಗುವಂತಿಲ್ಲ. ಮಂಗಳವಾರ, ಶುಕ್ರವಾರ ಹಡಲಗಿ ಹಿಡಿದು ಜೋಗ ಬೇಡಬೇಕು. ರಂಡಿ ಹುಣ್ಣಿಮೆಗೆ ಬಳೆ ಒಡೆಸಿಕೊಂಡು ಮುತ್ತೈದೆ ಹುಣ್ಣಿಮೆಗೆ ಮತ್ತೆ ತೊಡಬೇಕು. ಮುರಿದರೆ ದೇವಿ ಮುನಿಯುತ್ತಾಳೆ, ಮೈಮೇಲೆ ಹುಣ್ಣೇಳುತ್ತದೆ, ಮನೆತನ ಹಾಳಾಗುತ್ತದೆ. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ, ಕರ್ನಾಟಕದ 1982ರ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆ ಎರಡೂ ಪದ್ಧತಿಯನ್ನು ಅಪರಾಧವೆಂದವು. ಆದರೆ ಆ ಭಯಕ್ಕೆ ಕಾನೂನಿನಲ್ಲಿ ಮದ್ದಿರಲಿಲ್ಲ.

ಜಡೆಯ ಸಂಗತಿ ನೋಡಿ. ಕೂದಲು ಗಂಟುಗಟ್ಟಿ ಜಟೆಯಾದರೆ ಅದು ದೇವಿ ಬಂದ ಗುರುತು. ಹಣಿಗೆ ಹಾಕಬಾರದು, ಕತ್ತರಿಸಲೇಬಾರದು. ಭಂಡಾರ ಹಚ್ಚಿ ಹಚ್ಚಿ ಹಗ್ಗದಂತೆ ಬಿಗಿದ ಆ ಜಡೆ ವರ್ಷಗಟ್ಟಲೆ ಬೆಳೆದು ಸೊಂಟ ಮುಟ್ಟುತ್ತದೆ. ಹೇನು, ತುರಿಕೆ, ನೆತ್ತಿಯ ಹುಣ್ಣು, ಭಾರಕ್ಕೆ ಬಾಗಿದ ಕುತ್ತಿಗೆ. ಮಲಗುವಾಗ ಜಡೆಯನ್ನು ಪಕ್ಕಕ್ಕಿಟ್ಟುಕೊಂಡೇ ಹೊರಳಬೇಕು. ಕತ್ತರಿ ಹಾಕಿಸಿಕೊಳ್ಳಲು ಒಪ್ಪಿದವರಲ್ಲಿ ಎಷ್ಟೋ ಜನ ಮೊದಲು ದೇವಿಗೆ ಕಾಯಿ ಒಡೆದು ಅಪ್ಪಣೆ ಕೇಳಿ ಕೂರುತ್ತಾರೆ. ಕತ್ತರಿಸಿದ ಮೇಲೆ ಎರಡು ಕೈಯಿಂದ ತಲೆ ಸವರಿಕೊಳ್ಳುತ್ತಾರೆ. ನೆತ್ತಿಗೆ ಎಣ್ಣೆ, ನೀರು ಎಷ್ಟೋ ವರ್ಷಗಳ ಮೇಲೆ ಮುಟ್ಟುತ್ತವೆ. ಆಮೇಲೆ ತಿಂಗಳುಗಟ್ಟಲೆ ಕಾಯುವುದೇ ಕಷ್ಟದ ಭಾಗ: ಮಗುವಿಗೆ ಜ್ವರ ಬಂದರೂ, ಎಮ್ಮೆ ಸತ್ತರೂ ಓಣಿಯ ಬೆರಳು ಅವಳ ಕಡೆಗೇ. ಅದನ್ನು ದಾಟಿದವಳು ಇನ್ನೊಬ್ಬಳಿಗೆ ಹೇಳಬಲ್ಲ ಮಾತನ್ನು ಯಾವ ಅಧಿಕಾರಿಯೂ ಹೇಳಲಾರ.

ಕೆಲಸ ಮುಂದೆ ಸಾಗಿದ್ದೂ ಹೀಗೆಯೇ. ಮೈರಾಡ ಸಂಸ್ಥೆಯ ಬೆಂಬಲದಿಂದ 1997ರಲ್ಲಿ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರದೇ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಹುಟ್ಟಿತು. ಜನ ‘ಮಾಸ್’ ಎನ್ನುತ್ತಾರೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನವರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುತ್ತು ಬಿಚ್ಚಿದವರು ಉಳಿತಾಯ ಗುಂಪು ಕಟ್ಟಿದರು, ಎಮ್ಮೆ ಸಾಕಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು, ಜಾತ್ರೆಯಲ್ಲಿ ಹೊಸ ಮಕ್ಕಳಿಗೆ ಮುತ್ತು ಕಟ್ಟದಂತೆ ಕಾವಲು ನಿಂತರು. ಯಾಪನೀಯರು, ಶರಣರು, ಶಾಂತಿಸಾಗರರು, ನವಬೌದ್ಧರು ಎಲ್ಲರೂ ಒಂದು ಕಟ್ಟು ಬಿಟ್ಟು ಇನ್ನೊಂದು ವ್ರತ ಹಿಡಿದರು. ಈ ತಾಯಂದಿರಲ್ಲಿ ಹಲವರು ಹೊಸ ವ್ರತ ಹಿಡಿಯಲಿಲ್ಲ, ದೇವಿಯನ್ನೂ ಬಿಡಲಿಲ್ಲ. ಹುಣ್ಣಿಮೆಗೆ ಗುಡ್ಡಕ್ಕೆ ಹೋಗುತ್ತಾರೆ, ಭಂಡಾರ ಹಚ್ಚಿಕೊಳ್ಳುತ್ತಾರೆ, ಉಧೋ ಎನ್ನುತ್ತಾರೆ, ಮತ್ತು ಕೈಯಲ್ಲಿ ಬಳೆ ಇಟ್ಟುಕೊಂಡೇ ಊರಿಗೆ ಮರಳುತ್ತಾರೆ.