ಅಜ್ಜಿಯ ಹಿತ್ತಿಲ ರಸಬಾಳೆ

ಮೈಸೂರಿನಿಂದ ಚಾಮರಾಜನಗರಕ್ಕೆ ಹೊರಟ ರೈಲು ನಂಜನಗೂಡನ್ನು ದಾಟಿ ಮುಂದೆ ಸಾಗಿದರೆ ಕವಲಂದೆ ಸಿಗುತ್ತದೆ. ಆ ಊರಿನಲ್ಲಿ ನನ್ನ ಅಜ್ಜಿಯ ಮನೆಯಿತ್ತು. ತಾಲ್ಲೂಕಿನ ಹೆಸರನ್ನೇ ಹೊತ್ತ ನಂಜನಗೂಡು ರಸಬಾಳೆಯನ್ನು ನಾನು ಮೊದಲು ಕಂಡದ್ದು ಅಂಗಡಿಯಲ್ಲಲ್ಲ, ಆ ಮನೆಯ ಹಿತ್ತಿಲಿನಲ್ಲಿ. ಆ ಹಣ್ಣಿನ ಚರಿತ್ರೆಯನ್ನು ಅಜ್ಜಿಯ ನೆನಪಿನಿಂದ ಬೇರ್ಪಡಿಸಿ ಹೇಳಲು ನನ್ನಿಂದಾಗದು.

ಬಚ್ಚಲಿನ ನೀರು ಹರಿದುಹೋಗುವೆಡೆ ನಾಲ್ಕೈದು ಬಾಳೆಯ ಬುಡಗಳಿದ್ದವು. ಎಲೆ ಊಟಕ್ಕೆ, ಮೂತಿ ಪಲ್ಯಕ್ಕೆ, ದಿಂಡು ಹುಳಿಗೆ, ಒಣಗಿದ ಪಟ್ಟೆಯ ನಾರು ಹೂ ಕಟ್ಟುವುದಕ್ಕೆ. ಬಲಿತ ಗೊನೆಯನ್ನು ಕಡಿದು ಕತ್ತಲೆಯ ಮೂಲೆಯಲ್ಲಿ ತೂಗುಹಾಕಿದರೆ, ಹಣ್ಣಾದ ಸುದ್ದಿಯನ್ನು ಅದರ ಪರಿಮಳವೇ ನಡುಮನೆಗೆ ತಂದು ಮುಟ್ಟಿಸುತ್ತಿತ್ತು. ಮೊದಲ ಚಿಪ್ಪು ದೇವರಿಗೆ. ಉಳಿದುದರಲ್ಲಿ ತೆಂಗಿನಕಾಯಿಯ ಹಾಲು, ಬೆಲ್ಲ, ಏಲಕ್ಕಿ ಬೆರೆಸಿದ ರಸಾಯನ. ಅದಕ್ಕಿಂತ ದೊಡ್ಡ ಭೋಗವನ್ನು ನಾವು ಮಕ್ಕಳು ಬಯಸಿದವರಲ್ಲ.

ಕಂದು ಕೇಳಿ ಬಂದವರನ್ನು ಅಜ್ಜಿ ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲ. "ಬಾಳೆಗೆ ಬಿತ್ತನೆ ಇಲ್ಲ ಕಣಪ್ಪಾ, ಒಬ್ರು ಕೊಟ್ರೇನೇ ಇನ್ನೊಬ್ರಿಗೆ" ಎನ್ನುತ್ತಿದ್ದರು. ಇದು ಸಸ್ಯಶಾಸ್ತ್ರವೂ ಒಪ್ಪುವ ಮಾತು. ರಸಬಾಳೆಯಲ್ಲಿ ಬೀಜ ಕಟ್ಟುವುದಿಲ್ಲ. ಪ್ರತಿಯೊಂದು ಗಿಡವೂ ಹಿಂದಿನ ಗಿಡದ ಗೆಡ್ಡೆಯ ತುಣುಕು. ಈ ತಳಿ ನಮ್ಮವರೆಗೆ ಬಂದಿರುವುದೇ ಹೀಗೆ ಕೈಯಿಂದ ಕೈಗೆ ದಾಟಿ.

ಆದರೆ ಅದೇ ದಾರಿಯಲ್ಲಿ ರೋಗವೂ ದಾಟಿತು. ಪನಾಮಾ ಸೊರಗು ರೋಗವೆಂಬುದು ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುತ್ತದೆ. ಅದು ಬೇರಿನ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು, ಕಾಂಡದ ಸುತ್ತ ಜೋತುಬೀಳುತ್ತವೆ. ಮಧ್ಯ ಅಮೆರಿಕದಲ್ಲಿ ಇದೇ ರೋಗ ಗ್ರೋ ಮಿಶೆಲ್ ತಳಿಯ ವಿಶಾಲ ತೋಟಗಳನ್ನು ನುಂಗಿತು; 1960ರ ದಶಕದ ವೇಳೆಗೆ ರಫ್ತು ವ್ಯಾಪಾರವೇ ಕ್ಯಾವೆಂಡಿಶ್ ತಳಿಗೆ ಬದಲಾಯಿತು. ರಸಬಾಳೆಯೂ ಈ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ. ಸೋಂಕು ಕಂದಿನೊಡನೆ, ಗುದ್ದಲಿಗಂಟಿದ ಮಣ್ಣಿನೊಡನೆ, ಹರಿಯುವ ನೀರಿನೊಡನೆ ಹಬ್ಬುತ್ತದೆ. ಮಣ್ಣಿನಲ್ಲಿ ದಶಕಗಳವರೆಗೆ ಉಳಿಯುತ್ತದೆ. ಹೆಸರುವಾಸಿಯಾದ ದೇವರಸನಹಳ್ಳಿಯೂ ಸೇರಿದಂತೆ ತಾಲ್ಲೂಕಿನಲ್ಲೆಲ್ಲ ರಸಬಾಳೆಯ ತೋಟಗಳು ಕುಗ್ಗಿದವು.

ನಮ್ಮ ಹಿತ್ತಿಲಿನ ಎಲೆಗಳು ಹಳದಿಯಾದಾಗ ಅಜ್ಜಿ ನೀರು ಸಾಲದೆಂದು ಬಗೆದು ಇನ್ನೆರಡು ಕೊಡ ಹೆಚ್ಚಿಗೆ ಹೊಯ್ದರು. ಗಿಡ ಸತ್ತ ಮೇಲೆ ಅದೇ ಗುಂಡಿಯಲ್ಲಿ ಹೊಸ ಕಂದನ್ನು ನೆಟ್ಟರು. ಅದೂ ಸೊರಗಿತು. ಆಮೇಲೆ ಅವರು ಅಲ್ಲಿ ಬಾಳೆ ನೆಡಲಿಲ್ಲ; ಯಾರಾದರೂ ಕಂದು ಕೇಳಿದರೆ ಮೌನವಾಗಿ ತಲೆಯಾಡಿಸುತ್ತಿದ್ದರು. ಆ ಮೌನದ ನೋವು ನನಗೆ ಅರ್ಥವಾದದ್ದು ಬಹಳ ತಡವಾಗಿ. ಅವರು ಹಂಚಿದ ಕಂದುಗಳಲ್ಲಿ ಎಷ್ಟು ಫಲಕೊಟ್ಟವೋ, ಎಷ್ಟು ರೋಗವನ್ನು ಹೊತ್ತೊಯ್ದವೋ! ಸೋಂಕು ತಗುಲಿದ ಕಂದೂ ಹೊರನೋಟಕ್ಕೆ ಹಸಿರಾಗಿಯೇ ಇರುತ್ತದೆ. ಅವರನ್ನು ದೂರುವುದು ಹೇಗೆ?

2005–06ರಲ್ಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ದೊರೆಯಿತು. ಆ ಗುರುತು ಹೆಸರನ್ನು ಕಾಯಬಲ್ಲದು, ಬೇರನ್ನಲ್ಲ. ಅಂಗಾಂಶ ಕೃಷಿಯ ಸಸಿಗಳು ರೋಗವಿಲ್ಲದೆ ಬರುತ್ತವೆ ನಿಜ, ಆದರೆ ಸೋಂಕಿನ ಮಣ್ಣಿಗೆ ಇಳಿದರೆ ಅವೂ ಸೊರಗುತ್ತವೆ. ಆದ್ದರಿಂದ ಹಿತ್ತಿಲಿನಲ್ಲಿ ಒಂದು ರಸಬಾಳೆಯಿರಲೆಂದು ಬಯಸುವವರು ಬಾಳೆ ಸೊರಗಿದ ಜಾಗವನ್ನು ಬಿಟ್ಟು, ಶುದ್ಧವಾದ ಸಸಿಯನ್ನು ನೆಡಬೇಕು. ಗೊನೆ ಮಾಗಿದಾಗ ನೆರೆಮನೆಗೆ ಒಂದು ಚಿಪ್ಪನ್ನು ಕೊಡಿ. ಕಂದು ಕೊಡುವ ಮುನ್ನ ಮಾತ್ರ ತಾಯಿಗಿಡದ ಆರೋಗ್ಯವನ್ನು ಅರಿತವರಿಗೆ ತೋರಿಸಿ ಕೊಡಿ.