ಮೊಣಕೈಗೊಂದು ತಡೆ, ಮಣಿಕಟ್ಟಿಗೊಂದು ತಡೆ

ತುಂಬಿದ ಕೊಡ ಎತ್ತುವಾಗ ಮೊಣಕೈ ಮಡಿಸುವ ಬೈಸೆಪ್ಸ್ ಬಿಗಿಯುತ್ತದೆ, ತೋಳಿನ ಹಿಂಬದಿಯ ಟ್ರೈಸೆಪ್ಸ್ ಸಡಿಲಗೊಳ್ಳುತ್ತದೆ. ಈ ಸಡಿಲಿಕೆಯನ್ನೂ ಬೆನ್ನುಹುರಿಯೇ ಮಾಡಿಸುತ್ತದೆ ಎಂಬುದನ್ನು 19ನೇ ಶತಮಾನದ ಕೊನೆಯ ದಶಕದಲ್ಲಿ ಪ್ರಾಣಿಪ್ರಯೋಗಗಳಿಂದ ತೋರಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ಸ್ಟ್ರಿಕ್ನೀನ್ ಅಥವಾ ಧನುರ್ವಾಯುವಿನ ವಿಷ ಸೇರಿದಾಗ ಸಡಿಲಗೊಳ್ಳಬೇಕಾದ ಸ್ನಾಯುವೇ ಸೆಟೆದುಕೊಳ್ಳುವುದನ್ನೂ ಅವರು ಕಂಡರು. ಸ್ಟ್ರಿಕ್ನೀನ್ ಇರುವುದು ನಮ್ಮ ಕಾಡುಗಳ ಕಾಸರಕದ ಬೀಜದಲ್ಲಿ. ತಡೆಯ ನರಕೋಶಗಳು ಸ್ರವಿಸುವ ಗ್ಲೈಸಿನ್‌ನ ಕೆಲಸಕ್ಕೆ ಅದು ಅಡ್ಡಬರುತ್ತದೆ. ಧನುರ್ವಾಯುವಿನ ವಿಷವಾದರೋ ಗ್ಲೈಸಿನ್ ಹೊರಬೀಳಲೇ ಬಿಡದು.

ಪಠ್ಯಪುಸ್ತಕಗಳು ಕೊಡುವ ಚಿತ್ರ ಸರಳ. ಸ್ನಾಯುವಿನ ಹಿಗ್ಗನ್ನು ಅಳೆಯುವ ‘1ಎ’ ನರತಂತು ತನ್ನ ಸ್ನಾಯುವನ್ನು ಪ್ರಚೋದಿಸುತ್ತದೆ. ಜೊತೆಗೆ ನಡುವಿನ ಒಂದು ನರಕೋಶದ ಮೂಲಕ ಎದುರಾಳಿ ಸ್ನಾಯುವನ್ನು ತಡೆಯುತ್ತದೆ.

ಮನುಷ್ಯರಲ್ಲಿ ಇದನ್ನು ಅಳೆಯಲು ನೆರವಾದದ್ದು ಜರ್ಮನಿಯ ಪೌಲ್ ಹಾಫ್‌ಮನ್ 20ನೇ ಶತಮಾನದ ಆರಂಭದಲ್ಲಿ ವಿವರಿಸಿದ ಎಚ್-ಪ್ರತಿವರ್ತನೆ. ಮೊಣಕೈ ಬಳಿ ಮೀಡಿಯನ್ ನರಕ್ಕೆ ಹಗುರ ವಿದ್ಯುತ್ ಕೊಟ್ಟರೆ ಮಣಿಕಟ್ಟು ಮಡಿಸುವ ಸ್ನಾಯು ಒಮ್ಮೆ ಮಿಡಿಯುತ್ತದೆ. ಅದರೊಡನೆ, ತೋಳಿನ ಮೂಳೆಯನ್ನು ಬಳಸಿ ಇಳಿಯುವ ರೇಡಿಯಲ್ ನರಕ್ಕೂ ವಿದ್ಯುತ್ ಕೊಟ್ಟರೆ ಆ ಮಿಡಿತ ಕುಗ್ಗುತ್ತದೆ. ಲಂಡನ್ನಿನಲ್ಲಿ ಡೇ, ಮಾರ್ಸ್ಡೆನ್, ಒಬೆಸೊ ಮತ್ತು ರಾಥ್‌ವೆಲ್ 1984ರಲ್ಲಿ ಇದೇ ಕುಗ್ಗುವಿಕೆಯನ್ನು ವರದಿ ಮಾಡಿದರು. ಎರಡೂ ಪ್ರಚೋದನೆಗಳು ಬಹುತೇಕ ಒಟ್ಟಿಗೇ ಬಿದ್ದಾಗ ಮೊದಲ ತಡೆ; ಸುಮಾರು 10 ಮಿಲಿಸೆಕೆಂಡ್ ಅಂತರವಾದಾಗ ಎರಡನೆಯದು. ಮೊದಲನೆಯದು ಶೆರಿಂಗ್ಟನ್ ಕಂಡ ತಡೆಯೇ ಎಂದು ಬಹುಕಾಲ ನಂಬಲಾಯಿತು.

ಆದರೆ ಮಣಿಕಟ್ಟು ಬಾಗಿಲಿನ ಕೀಲಿನಂತೆ ಹಿಂದೆ ಮುಂದೆ ಮಾತ್ರ ಆಡುವ ಸಂದಲ್ಲ. ಕೈಯನ್ನು ಹೆಬ್ಬೆರಳ ಕಡೆಗೆ ವಾಲಿಸುವಾಗ ‘ಎದುರಾಳಿ’ಗಳಾದ ಮಡಿಸುವ ಮತ್ತು ಬಿಡಿಸುವ ಸ್ನಾಯುಗಳು ಒಟ್ಟಿಗೇ ದುಡಿಯಬೇಕು. ಕತ್ತಿ ಹಿಡಿದು ಕಾಯಿ ಒಡೆಯುವವರ ಮುಂಗೈ ಮುಟ್ಟಿದರೆ ಎರಡೂ ಬದಿ ಗಟ್ಟಿಯಾಗಿರುವುದು ಬೆರಳಿಗೇ ಗೊತ್ತಾಗುತ್ತದೆ. ಇಲ್ಲಿ ಒಂದು ಇನ್ನೊಂದನ್ನು ಸದಾ ಅದುಮುವ ವ್ಯವಸ್ಥೆ ಇದ್ದರೆ ಹಿಡಿತವೇ ಕೆಡುತ್ತಿತ್ತು.

ಪ್ಯಾರಿಸ್ಸಿನ ರೋಸ್ ಕಾಟ್ಸ್ ಮತ್ತು ಸಂಗಡಿಗರ ಪ್ರಯೋಗಗಳು ಈ ಗುಮಾನಿಗೆ ಬಲ ಕೊಟ್ಟವು. 1991ರಲ್ಲಿ ಅವರು ಮೊಣಕೈಯ ಸ್ನಾಯುಗಳ ನಡುವೆ ‘1ಎ’ ತಡೆ ಇರುವುದನ್ನು ತೋರಿಸಿದರು. ಮಣಿಕಟ್ಟಿನಲ್ಲಿ ಹಾಗಾಗಲಿಲ್ಲ. ನಿಜವಾದ ‘1ಎ’ ತಡೆಯ ನರಕೋಶಗಳನ್ನು ಬೆನ್ನುಹುರಿಯ ರೆನ್‌ಷಾ ಎಂಬ ಇನ್ನೊಂದು ಬಗೆಯ ತಡೆಕೋಶಗಳು ಅದುಮಬೇಕು. ಬೆಕ್ಕುಗಳಲ್ಲಿ ಇದು 1970ರ ದಶಕದ ಆರಂಭದಲ್ಲೇ ಸಿದ್ಧವಾಗಿತ್ತು. ಮಣಿಕಟ್ಟಿನ ತಡೆಯಲ್ಲಿ ಆ ಗುರುತು ಸಿಗಲಿಲ್ಲ. 2006ರಲ್ಲಿ ಅದೇ ತಂಡ ಈ ತಡೆಯನ್ನು ಬೇರೆ ವರ್ಗಕ್ಕೇ ಸೇರಿಸಿತು: ಸ್ನಾಯುರಜ್ಜುವಿನ ಎಳೆತವನ್ನು ಅಳೆಯುವ ‘1ಬಿ’ ತಂತುಗಳೂ ಪಾಲುಗೊಳ್ಳುವ, ಎದುರಾಳಿಗಳಿಗಷ್ಟೇ ಸೀಮಿತವಲ್ಲದ ತಡೆ.

ಬರೆಯುವಾಗ ಕೈ ಸೆಟೆದುಕೊಳ್ಳುವ ರೋಗಿಗಳಲ್ಲಿ ಮುಂಗೈಯ ಸ್ನಾಯುಗಳ ನಡುವಿನ ತಡೆ ಕುಂದಿರುತ್ತದೆ ಎಂದು 1989ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಆ ಅಳತೆಗಳು ಈಗಲೂ ಬೆಲೆಯುಳ್ಳವು. ಅವುಗಳ ಮೊದಲ ಹಂತವನ್ನು ಶೆರಿಂಗ್ಟನ್ನರ ಲೆಕ್ಕಕ್ಕೆ ಬರೆಯುವುದನ್ನು ಮಾತ್ರ ಪಠ್ಯಪುಸ್ತಕಗಳು ನಿಲ್ಲಿಸಬೇಕು.